ಮಾಸದ ಹೂಜಿ

ನಕಲಿ ಕೀಲಿಯಿಂದ ಅತ್ತೆಯ ಮನೆಯ ಬಾಗಿಲಿನ ಒಳಬೀಗ ತೆಗೆಯುವಾಗ ಅಳಿಯನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಾಡಹಗಲೇ ಕಳ್ಳನ ಹಾಗೆ ನುಗ್ಗುವುದೆಂದರೆ ಹುಡುಗಾಟವೇ? ಕೈಯಲ್ಲಿ ತರಕಾರಿ ಚೀಲ. ಚೀಲದಲ್ಲಿ ನಾಲ್ಕು ಮೂಲಂಗಿ. ಮೂಲಂಗಿಯ ಕೆಳಗೆ ಉರಿ ಉಗುಳುವ ಗ್ಯಾಸ್ ಟಾರ್ಚು.

ಮಂಗಳವಾರ ಮಧ್ಯಾಹ್ನ ಅತ್ತೆ ವಾಚನಾಲಯಕ್ಕೆ ಹೋಗುತ್ತಾರೆ. ಅದು ಅವನಿಗೆ ಗೊತ್ತು. ಬಾಗಿಲ ಬಳಿ ಗಂಡಸಿನ ಬೂಟು ಒಂದು ಜೊತೆ ಇತ್ತು. ಒಂಟಿ ಹೆಂಗಸು, ಕಳ್ಳರಿಗೆ ಭಯವಿರಲಿ ಅಂತ ಇಟ್ಟುಕೊಂಡಿದ್ದಾರೆ, ಎಂಥ ಜಾಣೆ ಎಂದುಕೊಂಡು ದಾಟಿದ.

ಒಳಗೆ ಕಾಲಿಟ್ಟು ಗೋಡೆಯ ಗೂಡಿನತ್ತ ನೋಡಿದವನ ಜೀವ ಬಾಯಿಗೆ ಬಂತು. ಹೂಜಿ ಮಾಸಿತ್ತು. ಕೆಂಪಿಲ್ಲ, ನೀಲಿಯಿಲ್ಲ, ಕಾಫಿ ಚೆಲ್ಲಿ ಒಣಗಿದ ಬಣ್ಣ.

ತಪ್ಪು ಅವನ ನಾಲಿಗೆಯದು. ಮದುವೆಯ ದಿನ ತನ್ನ ಕೈಯಾರೆ ಮಾಡಿದ ಹೂಜಿಯನ್ನು ಅತ್ತೆಗೆ ಕೊಟ್ಟು, ನಾಲ್ಕು ಜನರ ಮುಂದೆ ಕೊಚ್ಚಿಕೊಂಡಿದ್ದ: "ಈ ಬಣ್ಣ ಮಾಸಿದ ದಿನ ನಿಮ್ಮ ಮಗಳನ್ನ ಧಾರಾಳವಾಗಿ ವಾಪಸ್ ಕರ್ಕೊಳ್ಳಿ ಅತ್ತೆ!" ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಪಾಪ, ಹೆತ್ತ ಕರುಳು ಎಂದು ಇವನ ಕಣ್ಣೂ ಒದ್ದೆಯಾಗಿತ್ತು.

ಆಗ ಅವನು ಈ ಕಸುಬಿಗೆ ಹೊಸಬ. ತಾಮ್ರ ಬೆರೆಸಿದ ಮೆರುಗು ಬಳಿದು ಸುಟ್ಟ ಹೂಜಿಗೆ ಟಾರ್ಚಿನ ಉರಿ ಹಿಡಿದರೆ ಕೆಂಪು ಏಳುತ್ತದೆ, ಹಿಂದೆಯೇ ನೇರಳೆ, ನೀಲಿ, ಚಿನ್ನ. ಬೇಕಾದ ಬಣ್ಣ ಬಂದ ಗಳಿಗೆಯಲ್ಲೇ ಗಾಳಿಯಾಡದಂತೆ ಮುಚ್ಚಿಬಿಡಬೇಕು. ಇಷ್ಟು ಕಲಿತಿದ್ದ. ಗಾಳಿ ತಾಕುತ್ತ ತಾಕುತ್ತ ಕೆಲವೇ ತಿಂಗಳಲ್ಲಿ ಆ ಬಣ್ಣವೆಲ್ಲ ಓಡಿಹೋಗುತ್ತದೆ ಎನ್ನುವುದನ್ನು ಕಲಿತದ್ದು ಮದುವೆಯ ನಂತರ.

ಅಂದಿನಿಂದ ಈ ಕಳ್ಳಯಾತ್ರೆ. ಕದ್ದು ಬಂದು ಬಣ್ಣ ಎಬ್ಬಿಸಿ ಹೋಗೋಣವೆಂದು ಆಗಾಗ ಟಾರ್ಚು ಹಿಡಿದು ಬರುವುದು. ಆದರೆ ಬಂದಾಗಲೆಲ್ಲ ಹೂಜಿ ಝಗಝಗ! ಅವನ ಅಂಗಡಿಯ ಹೂಜಿಗಳೆಲ್ಲ ಮಾಸುತ್ತವೆ, ಅತ್ತೆಯ ಮನೆಯದು ಮಾತ್ರ ಮಾಸುವುದಿಲ್ಲ. ಒಮ್ಮೆ ಕುತ್ತಿಗೆಯಲ್ಲಿದ್ದ ನೇರಳೆ ಮುಂದಿನ ಸಲ ಹೊಟ್ಟೆಗೆ ಇಳಿದಿರುತ್ತಿತ್ತು. ತಳದಲ್ಲಿ ಅವನದೇ ಹೆಬ್ಬೆಟ್ಟಿನ ಗುರುತು. ಸಂಶಯವೇ ಇಲ್ಲ, ಇದು ಪ್ರೀತಿಯ ಮಹಿಮೆ, ಬಣ್ಣಕ್ಕೆ ಜೀವ ಬಂದಿದೆ ಎಂದು ತೀರ್ಮಾನಿಸಿ, ಟಾರ್ಚು ಹೊತ್ತಿಸದೆ ಬೀಗುತ್ತ ಮನೆಗೆ ಹೋಗುತ್ತಿದ್ದ.

ಈ ಸಲ ಪ್ರೀತಿಗೇ ಕಷ್ಟ ಬಂದಿತ್ತು. ಹೆಂಡತಿಗೆ ಸದ್ದು ಆಗದು. ಚಮಚ ಬಿದ್ದರೂ ಮನೆ ರಣರಂಗ. ಎರಡು ತಿಂಗಳಿಂದ ಟಾರ್ಚಿನ ಮೂತಿ ಕಟ್ಟಿಕೊಂಡು ಮನೆ ತಣ್ಣಗಿತ್ತು. ನಿನ್ನೆ ಅದು ರಿಪೇರಿಯಾಗಿ ಬಂದ ಖುಷಿಯಲ್ಲಿ, ಅವಳು ಮಲಗಿದ್ದಾಗ ಬುಸ್ಸೆಂದು ಹೊತ್ತಿಸಿ, ಅವಳ ಒದ್ದೆ ಸ್ವೆಟರನ್ನು ಒಣಗಿಸಲು ಹೋದ. ಸ್ವೆಟರಿಗೆ ಮೂರನೆಯ ತೋಳಿನಷ್ಟು ತೂತು ಬಿತ್ತು.

"ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ," ಎಂದಿದ್ದಳು ಇಂದು ಬೆಳಿಗ್ಗೆ.

ಅವಳು ಬಂದು ಈ ಕಾಫಿ ಬಣ್ಣ ನೋಡಿದರೆ? ಅತ್ತೆ ಮಾತು ನೆನಪಿಸಿದರೆ? ಅವಳಿಲ್ಲದ ಮನೆಯನ್ನು ನೆನೆದು ಅವನಿಗೆ ಅಳುವೇ ಬಂತು. ಟಾರ್ಚು ಹೊತ್ತಿಸಿದ.

ಎದೆಯ ಬಡಿತ ಜೋರಾಯಿತು. ಧಡ್ ಧಡ್, ಧಡಧಡ್. ಎದೆಯ ಮೇಲೆ ಕೈಯಿಟ್ಟು ನೋಡಿದರೆ ಕೈಗೆ ಸಿಕ್ಕ ಬಡಿತವೇ ಬೇರೆ, ಕಿವಿಗೆ ಬೀಳುತ್ತಿದ್ದುದೇ ಬೇರೆ. ಹೆದರಿಕೆಯಲ್ಲಿ ಹೀಗೆಲ್ಲ ಆಗುತ್ತದೆ. ಹಜಾರದ ಕೊನೆಯಲ್ಲಿ ಹೆಂಡತಿಯ ಹಳೆಯ ಕೋಣೆ ಎಂದಿನಂತೆ ಮುಚ್ಚಿತ್ತು. ಮಗಳ ನೆನಪಿಗೆಂದು ಅತ್ತೆ ಅದನ್ನು ಯಾರಿಗೂ ತೆರೆಯುವುದಿಲ್ಲ.

ಉರಿ ಹಿಡಿಯುತ್ತಿದ್ದಂತೆ ಟೋಪಿ ಗಿರಾಕಿ ನೆನಪಾದ. ಅಂಗಡಿಗೆ ಖಾಯಂ ಬರುವವನು ಅವನೊಬ್ಬನೇ. ಬಂದಾಗಲೆಲ್ಲ ಇದೇ ಅಳತೆಯ ಹೂಜಿ, ಇದೇ ಬಣ್ಣ. ಟಾರ್ಚು ಕೆಟ್ಟು ಅಂಗಡಿಯಲ್ಲಿ ಬಣ್ಣದ ಹೂಜಿಯೇ ಇಲ್ಲದೆ ಮೊನ್ನೆ ಬರಿಗೈಲಿ ಹೋಗುವಾಗ ಗೋಗರೆದಿದ್ದ: "ಒಂದಾದ್ರೂ ಹುಡುಕಿ ಕೊಡಿ ಸ್ವಾಮಿ, ಒಂದು ಸಂಸಾರದ ಪ್ರಶ್ನೆ!" ಹೂಜಿಯ ಮೇಲೆ ಅಷ್ಟು ಮಮತೆ. ಅವನಾದರೂ ಕಲೆ ಬಲ್ಲವನು.

ಕೆಂಪು ಎದ್ದಿತು. ನೇರಳೆ. ನೀಲಿ. ಅತ್ತೆಯ ದೊಡ್ಡ ಪಾತ್ರೆಯನ್ನು ತಂದು ಗಬಕ್ಕನೆ ಮುಚ್ಚಿ, ಅದು ತಣಿಯುವವರೆಗೆ ಉಸಿರು ಬಿಗಿಹಿಡಿದು ಕೂತ. ತೆಗೆದು ನೋಡಿದರೆ ಹೂಜಿ ಮದುವೆಯ ದಿನದಂತೆ ಹೊಳೆಯುತ್ತಿತ್ತು. ಗೂಡಿಗೆ ಇಟ್ಟನೋ ಇಲ್ಲವೋ, ಬಾಗಿಲು ತಳ್ಳಿಕೊಂಡು ಸೂಟ್‌ಕೇಸಿನೊಂದಿಗೆ ಹೆಂಡತಿ ಬಂದಳು.

"ನೀವಿಲ್ಲಿ ಏನ್ ಮಾಡ್ತಿದ್ದೀರಿ?"

"ಮೂಲಂಗಿ ಕೊಡೋಕೆ ಬಂದೆ."

ಅಷ್ಟರಲ್ಲಿ ಕಿವಿಗೆ ಬೀಳುತ್ತಿದ್ದ ಎದೆಬಡಿತ ಗಕ್ಕನೆ ನಿಂತಿತು. ಕೋಣೆಯ ಬಾಗಿಲು ಸಂದು ಬಿಟ್ಟುಕೊಂಡಿತು. ವಾಚನಾಲಯದಲ್ಲಿ ಇರಬೇಕಾದ ಅತ್ತೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, ಬಾಗಿಲನ್ನು ಬೆನ್ನ ಹಿಂದೆಯೇ ಎಳೆದುಕೊಂಡರು. ಸೂಟ್‌ಕೇಸು ನೋಡಿ ಗೋಡೆ ಹಿಡಿದುಕೊಂಡರು. ಆಮೇಲೆ ಹೂಜಿ ಕಣ್ಣಿಗೆ ಬಿತ್ತು. ಹೋದ ಜೀವ ಬಂದಂತಾಯಿತು.

"ಬಣ್ಣ ಬಂದಿದೆ! ಅಂದ್ರೆ, ಬಣ್ಣ ಹಾಗೇ ಇದೆ! ನೋಡೇ, ಎಂಥ ಬಂಗಾರದಂಥ ಗಂಡ. ಹೋಗಮ್ಮ, ಈಗ್ಲೇ ಮನೆಗೆ ಹೋಗು."

"ಒಂದು ವಾರ ಇದ್ದು ಹೋಗ್ತೀನಮ್ಮ. ನನ್ನ ರೂಮಲ್ಲಿ ನನ್ನ ಪಾಡಿಗೆ ಬಿದ್ಕೊಂಡಿರ್ತೀನಿ," ಎಂದು ಮಗಳು ಅಮ್ಮನನ್ನು ಸರಿಸಿ ಬಾಗಿಲು ತಳ್ಳಿಯೇಬಿಟ್ಟಳು.

ಮಂಚವಿದ್ದ ಜಾಗದಲ್ಲಿ ಬಾರಿಸುವ ಡ್ರಮ್ಮು ಎರಡು, ಒಂದರ ಹಿಂದೆ ಕೋಲು ಹಿಡಿದು ಬೆಪ್ಪಾಗಿ ಕೂತ ಟೋಪಿ ಗಿರಾಕಿ, ಅವನ ಸುತ್ತ ಗೋಡೆಯುದ್ದಕ್ಕೂ ಸಾಲುಸಾಲಾಗಿ ಅಳಿಯ ಮಾಡಿದ ಹೂಜಿಗಳು, ಒಂದೂ ಬಿಡದೆ ಕಾಫಿ ಬಣ್ಣ.