ಮೊದಲ ಹಿಮದ ಸೋಲು

“ಮುಟ್ಟಬೇಡ ಅದನ್ನ!”

ಹಾಜ್ರಾ ಅಡುಗೆಮನೆಯಿಂದಲೇ ಕೂಗಿದಳು. ಹೊಸ್ತಿಲ ಮೇಲೆ ಬಟ್ಟೆ ಮುಚ್ಚಿದ ತಾಮ್ರದ ಬಟ್ಟಲೊಂದು ಕೂತಿತ್ತು. ತಂದಿಟ್ಟವರ ಹೆಜ್ಜೆಗಳು ಹಿಮದಲ್ಲಿ ಗೋಡೆಯ ಕಡೆಗೆ ಹೋಗಿದ್ದವು. ಗೋಡೆಯಾಚೆ ವಾರಗಿತ್ತಿ ಮೆಹಮೂದಾಳ ಮನೆ.

ಮಗಳು ತಾಬಿಂದಾ ಸೌಟಿನ ತುದಿಯಿಂದ ಬಟ್ಟೆ ಸರಿಸಿದಳು. ಮೇಲೆ ಅಕ್ರೋಟು. ಕೆದಕಿದರೆ ಅಡಿಯಲ್ಲಿ ಹಿಮ.

“ಚಿಕ್ಕಮ್ಮನ ಕೆಲಸವೇ ಅಮ್ಮಿ. ಬೆಳಕು ಹರಿಯೋದೇ ತಡ, ಶುರು ಹಚ್ಕೊಂಡ್ರು.”

ಅಂದು ನವ ಶೀನ್, ವರ್ಷದ ಮೊದಲ ಹಿಮ. ಯಾರಾದರೂ ಉಪಾಯದಿಂದ ಹಿಮವನ್ನು ನಿಮ್ಮ ಕೈಗೆ ದಾಟಿಸಿದರೆ ನೀವು ಸೋತಂತೆ. ಸೋತವರು ಕತ್ತಲಾಗುವ ಮೊದಲು ಗೆದ್ದವರ ಬಾಗಿಲಿಗೆ ತಾವೇ ಹೋಗಿ ಊಟಕ್ಕೆ ಕರೆಯಬೇಕು, ಕೂರಿಸಿ, ಕೈಗೆ ನೀರು ಹಾಕಿ, ಬಡಿಸಬೇಕು. ಇಲ್ಲವೆಂದವರು ಆಮೇಲೆ ಓಣಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಕಾಶ್ಮೀರದ ಈ ಸೋಪೋರಿನ ಉಳಿದ ಮನೆಗಳಿಗೆ ಇದು ನಗುವಿನ ಹಬ್ಬ. ಹಾಜ್ರಾಳಿಗೆ ಮಾತ್ರ ಇದು ಕಾವಲಿನ ದಿನ.

ಹಿಂದಿನ ಚಳಿಗಾಲದಲ್ಲಿ ಮೆಹಮೂದಾ ಹೊಸ ತಗಡಿನ ಮಾಡು ಹಾಕಿಸಿದ್ದಳು. ಅದರ ಇಳಿಜಾರು ಈಚೆಗೆ. ಜಾರಿದ ಹಿಮ ಧೊಪ್ಪೆಂದು ಹಾಜ್ರಾಳ ಕೋಳಿಗೂಡಿನ ಮೇಲೆ ಬಿತ್ತು. ಒಂದು ಕೋಳಿಯೂ ಉಳಿಯಲಿಲ್ಲ. ಕೇಳಲು ಹೋದರೆ, “ಹಿಮಕ್ಕೆ ದಾರಿ ತೋರ್ಸೋಕೆ ನಾನೇನು ದೇವರಾ?” ಎಂದಿದ್ದಳು ಮೆಹಮೂದಾ. ಹಾಜ್ರಾ ಇಡೀ ಓಣಿಗೆ ಕೇಳುವಂತೆ ಆಣೆ ಹಾಕಿದ್ದಳು: “ನಿನ್ನ ಕೈಗೆ ನೀರು ಹಾಕಿ ಬಡಿಸೋ ದಿನ ಬಂದ್ರೆ ಈ ಕೈ ಸೇದಿ ಹೋಗ್ಲಿ.” ಗೋಡೆ ಎದ್ದದ್ದು ಆಮೇಲೆ. ಕಟ್ಟಿದ ಅಣ್ಣತಮ್ಮಂದಿರು, ಅಂದರೆ ಇವರಿಬ್ಬರ ಗಂಡಂದಿರು, ಈಗಲೂ ಪೇಟೆಯಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಾರೆ. ಮನೆಗೆ ಮಾತ್ರ ಬೇರೆ ಬೇರೆ ದಾರಿಯಿಂದ ಬರುತ್ತಾರೆ.

“ನಾವೂ ಏನಾದ್ರೂ ಕಳ್ಸೋಣ್ವಾ ಅಮ್ಮಿ?”

“ಥೂ! ಅವಳ ಮಟ್ಟಕ್ಕೆ ನಾನಿಳಿಯಲ್ಲ. ಇವತ್ತು ನಿನ್ನ ಕೈಯಿಂದ ಬಂದದ್ದು ಬಿಟ್ಟು ಬೇರೆ ಏನೂ ಮುಟ್ಟಲ್ಲ ನಾನು.”

“ಅದೇ ಒಳ್ಳೇದು,” ಎಂದಳು ತಾಬಿಂದಾ. “ನನ್ನ ಕೈಯಿಂದ ಮಾತ್ರ.”

ಬಿಸಿಲೇರುವಷ್ಟರಲ್ಲಿ ಅಂಗಳ ರಣರಂಗವಾಯಿತು. ಹಾಜ್ರಾ ಸಲಿಕೆ ಹಿಡಿದು, ಜಾರಿ ಬಿದ್ದ ಹಿಮವನ್ನೆಲ್ಲ ಗೋಡೆಯಾಚೆ ಎಸೆದಳು. “ನಿನ್ನ ಸೊತ್ತು ನೀನೇ ಇಟ್ಕೋ!” ಆಚೆಯಿಂದಲೂ ಸಲಿಕೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಹಿಮದ ಬೊಂಬೆಯೊಂದು ಮೇಲೆದ್ದಿತು. ಅಗಲ ಬಾಯಿ, ಕಂಕುಳಲ್ಲಿ ಪೊರಕೆ. ಅದರ ಹಿಂದೆ ಮೆಹಮೂದಾಳ ಮಗ ಉಬೈದನ ತಲೆ.

“ದೊಡ್ಡಮ್ಮ, ಹೇಗಿದೆ ನಿಮ್ಮ ಪಟ?”

ಹಾಜ್ರಾಳ ಕಿವಿ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ತಾಬಿಂದಾಳ ಉಂಡೆ ಬೊಂಬೆಯ ತಲೆ ಹಾರಿಸಿತು.

“ನಿನ್ನ ಮೂತಿಗೂ ಒಂದು ಬೇಕೇನೋ, ಕೋಣ?”

“ಬಾರೇ, ಒಣಗಿದ ಟರ್ನಿಪ್ಪೇ! ಗೋಡೆ ಹತ್ರ ಬರೋಕೆ ಧೈರ್ಯ ಇದ್ಯಾ?”

ಇತ್ತು. ತಾಬಿಂದಾ ಗೋಡೆಗೆ ಅಂಟಿಕೊಂಡೇ ಮಧ್ಯಾಹ್ನದವರೆಗೆ ಕಾದಾಡಿದಳು. ಅವರ ಬೈಗುಳಕ್ಕೆ ಓಣಿಯ ನಾಯಿಗಳು ಜಾಗ ಖಾಲಿ ಮಾಡಿದವು. ಒಮ್ಮೊಮ್ಮೆ ಇಬ್ಬರೂ ಗಪ್ಪಾಗುತ್ತಿದ್ದರು. ಉಂಡೆ ಕಟ್ಟುತ್ತಿರಬೇಕು ಎಂದುಕೊಂಡಳು ಹಾಜ್ರಾ. ಕಿಟಕಿಯಿಂದ ನೋಡುತ್ತಿದ್ದಂತೆ ಅವಳ ಎದೆ ಉಬ್ಬಿತು. ನನ್ನ ರಕ್ತ, ಬಿಟ್ಟುಕೊಡುವುದಿಲ್ಲ.

ಸಂಜೆಯ ಚಹಾಕ್ಕೆ ಸಮೋವಾರಿನಲ್ಲಿ ಕೆಂಡ ಹಾಕಿದ್ದಾಯಿತು. ತಾಬಿಂದಾ ರೊಟ್ಟಿಯಂಗಡಿಯಿಂದ ಬಂದು, ಬಟ್ಟೆ ಸುತ್ತಿದ ಗಂಟನ್ನು ತಾಯಿಯ ಕೈಗಿಟ್ಟಳು.

ರೊಟ್ಟಿಗೆ ಬಿಸಿಯಿರಲಿಲ್ಲ. ಗಂಟಿನ ಅಡಿಯಿಂದ ತಣ್ಣನೆಯ ನೀರು ಮಣಿಕಟ್ಟಿಗೆ ಇಳಿಯಿತು. ಹಾಜ್ರಾ ಬಿಚ್ಚಿದಳು. ರೊಟ್ಟಿಗಳ ನಡುವೆ ಒಂದು ಹಿಡಿ ಬಿಳುಪು.

“ನವ ಶೀನ್ ಮುಬಾರಕ್ ದೊಡ್ಡಮ್ಮ!” ಗೋಡೆಯ ಮೇಲಿಂದ ಉಬೈದ್ ಅರಚಿದ. “ಸೋತ್ರಿ! ಸೋತ್ರಿ!”

ತಾಬಿಂದಾ ಬಾಯಿ ಮೇಲೆ ಕೈಯಿಟ್ಟಳು. “ಅಯ್ಯೋ! ಗಂಟು ಗೋಡೆ ಮೇಲಿಟ್ಟು ಅವನಿಗೆ ಎರಡು ಹೊಡೆದೆ ಅಮ್ಮಿ. ಆವಾಗಲೇ ತುರುಕಿರ್ಬೇಕು ಕಳ್ಳ!”

ಹಾಜ್ರಾ ಹಿಮವನ್ನು ಬಾಗಿಲಾಚೆ ಬಿಸಾಡಿ ಒದ್ದೆ ಕೈ ಒರೆಸಿಕೊಂಡಳು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆಯುತ್ತಿದ್ದವು. ಹುಡುಗನ ಕೂಗು ಎಲ್ಲರಿಗೂ ಕೇಳಿತ್ತು.

ಅವಳು ಫಿರನ್ ನಿಲುವಂಗಿ ತೊಟ್ಟಳು. ತಲೆವಸ್ತ್ರ ಬಿಗಿದಳು. ಮಗಳು ಜೊತೆಗೆ ಬರಲು ಹೊರಟಾಗ, “ನಿಲ್ಲು ಅಲ್ಲೇ. ನನ್ನ ಮಾನ ಹೋಗೋದನ್ನ ನೋಡ್ಬೇಕಾ?” ಎಂದು ಗದರಿದಳು. ಓಣಿ ಸುತ್ತಿ ಹೋಗುವಾಗ ಹೇಳಬೇಕಾದ ಮಾತನ್ನು ಹಲ್ಲಿನ ನಡುವೆ ಹಿಡಿದಿದ್ದಳು. ‘ಊಟಕ್ಕೆ ಬಾ.’ ಅಷ್ಟೇ. ಒಂದಕ್ಷರ ಜಾಸ್ತಿ ಇಲ್ಲ.

ತಟ್ಟಲು ಕೈ ಎತ್ತಿದ್ದಳಷ್ಟೇ, ಬಾಗಿಲು ತಾನೇ ತೆರೆಯಿತು. ಹೊರಟು ನಿಂತ ಮೆಹಮೂದಾ. ಅವಳೂ ಫಿರನ್ ತೊಟ್ಟಿದ್ದಳು. ಮುಖ ಸುಟ್ಟ ಬದನೆಯಂತಿತ್ತು.

“ಬಂದ್ಯಾ? ನನ್ನ ಮಗನೇ ‘ಸೋತ್ರಿ’ ಅಂತ ನನ್ನನ್ನ ಅಣಕಿಸಿದ್ದು ಸಾಲ್ದೇ, ನಗೋಕೆ ಇಲ್ಲೀವರೆಗೂ ಬಂದ್ಯಾ?” ಮೆಹಮೂದಾ ಸಿಡಿದಳು. “ನಾನೇ ಬರ್ತಿದ್ದೆ. ಊಟಕ್ಕೆ ಬಾ. ಕರೆದೆ, ಆಯ್ತಲ್ಲ?”

“ನಿನ್ನ... ನಿನ್ನ ಮನೆಗೆ ನಾನ್ಯಾಕೆ ಬರ್ಲಿ?”

“ಸೋತವಳು ಕರೀಬೇಕಲ್ಲ! ಉಬೈದ ನನಗೆ ಅಂತ ಮೈ ಕಾಯಿಸೋ ಕಾಂಗ್ರಿಗೆ ಕೆಂಡ ತುಂಬಿಸ್ಕೊಂಡು ಬರ್ತಿದ್ದ. ಗೋಡೆ ಮೇಲಿಟ್ಟು ಉಂಡೆ ಹೊಡೆಯೋ ಹೊತ್ತಲ್ಲಿ ನಿನ್ನ ಮಗಳ ಕೈಲಿ ಕೆಂಡ ಚೆಲ್ಲಿಸಿ ಅದರೊಳಗೆ ಹಿಮ ತುಂಬಿಸಿದ್ಯಲ್ಲ, ಬೆಂಕಿ ಅಂತ ಕೈ ಚಾಚಿದೆ ನಾನು!”

“ನಾನು ಏನೂ ತುಂಬಿಸಿಲ್ಲ!” ಹಾಜ್ರಾ ಕಿರುಚಿದಳು. “ರೊಟ್ಟಿಯೊಳಗೆ ಹಿಮ ಇಡ್ಸಿ ನನ್ನನ್ನ ಸೋಲಿಸಿದವಳು ನೀನು!”

ಮೆಹಮೂದಾ ಅವಳನ್ನೇ ದಿಟ್ಟಿಸಿದಳು. “ಯಾವ ರೊಟ್ಟಿ?” ಗೋಡೆಯ ಎರಡೂ ಬದಿಯಿಂದ ಉಬೈದ್, ತಾಬಿಂದಾ ಒಟ್ಟಿಗೆ ಕಿಸಕ್ಕೆಂದು ನಕ್ಕರು.