ಎಕ್ಸ್ ಏನು ಬೇಕಾದರೂ ಆಗಬಹುದು

ನಾಗವೇಣಿ ಗಣಿತದ ಮೇಷ್ಟ್ರ ಮೂಗುದನಿಯಲ್ಲಿ ಪಾಠ ಶುರುಮಾಡಿದ್ದಳು. "ಎಕ್ಸ್ ಏನು ಬೇಕಾದ್ರೂ ಆಗಬಹುದು ಕಣ್ರಪ್ಪಾ, ಕತ್ತೇನೂ ಆಗಬಹುದು!"

ತರಗತಿಯ ನಗು ತಟ್ಟನೆ ನಿಂತಿತು. ಮೇಷ್ಟ್ರು ಬಾಗಿಲಲ್ಲಿದ್ದರು.

"ಇವತ್ತು ಜಿಲ್ಲಾ ಮಿಮಿಕ್ರಿ ಸ್ಪರ್ಧೆ ಅಲ್ವೇನಮ್ಮಾ? ಒಂದೇ ಒಂದು ಲೆಕ್ಕ ಮಾಡಿ ಹೋಗು."

ಗೇಟಿನಲ್ಲಿ ವ್ಯಾನು ಹಾರನ್ ಹೊಡೆಯುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ 'ಎಕ್ಸ್ + ವೈ = 10' ಎಂದು ಬರೆದರು.

ಇಷ್ಟೇನಾ ಎಂದು ಅವಳಿಗೆ ಜೀವ ಬಂದಂತಾಯಿತು. "ನಾಲ್ಕು, ಆರು ಸಾರ್."

"ಬೇರೆ ಉತ್ತರ ಇಲ್ವಾ?"

"ಇದೆ ಸಾರ್. ಏಳು, ಮೂರು. ಒಂದೂವರೆ, ಎಂಟೂವರೆ. ಎಕ್ಸ್ ಬದಲಾದ ಹಾಗೆ ವೈ ಬದಲಾಗ್ತಾ ಹೋಗುತ್ತೆ. ಉತ್ತರಗಳಿಗೆ ಕೊನೆಯೇ ಇಲ್ಲ. ನೀವೇ ಹೇಳಿಕೊಟ್ಟಿದ್ದು!"

"ಭೇಷ್!" ಮೇಷ್ಟ್ರು ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಕುರ್ಚಿ ಎಳೆದುಕೊಂಡು ಕುಳಿತರು. "ಒಂದೂ ಬಿಡದೆ ಎಲ್ಲಾ ಬರೆದು ಹೊರಡು."