ಮಸಿಬಟ್ಟೆ

ಐದನೆಯ ನಾಣ್ಯವನ್ನು ಗಾಳಿಗೆ ಚಿಮ್ಮಿ ಹಿಡಿದ ಹಳೆ ನಾಣ್ಯದ ಅಂಗಡಿಯವನು, "ಇದು ಬೆಂಕಿ ಸಿಸ್ಟರ್" ಎಂದು ತಟ್ಟೆಗೆ ಎಸೆದ. "ನೋಡಿದವರ ಕಣ್ಣು ಸುಡಬೇಕು, ಅಂಥದ್ದು."

ಎದುರಿಗೆ ಕೂತಿದ್ದ ನರ್ಸ್ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಬಿಳಿ ಸಮವಸ್ತ್ರದ ಮೇಲೊಂದು ಸ್ವೆಟರ್, ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಪುಟ್ಟ ಗಡಿಯಾರ. ಹೋದ ತಿಂಗಳು ತೀರಿಕೊಂಡ ಸೋದರಮಾವ ಅವಳಿಗೆಂದು ಬಿಟ್ಟುಹೋದದ್ದು ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಏಳು ಬೆಳ್ಳಿ ನಾಣ್ಯ. ಇವುಗಳ ತಲೆಬುಡ ತನಗೆ ತಿಳಿಯದು, ಎಲ್ಲವನ್ನೂ ಮಾರಿಬಿಡುವುದೇ ಸರಿ, ಆದರೆ ಮಾವ ಜೀವದಂತೆ ಕಾಪಾಡಿಕೊಂಡಿದ್ದ ವಸ್ತು, ಯಾವುದು ಎಂಥದ್ದೆಂದು ನಿಜ ಹೇಳಬೇಕು ಎಂದು ಬಂದ ಕೂಡಲೇ ಕೇಳಿಕೊಂಡಿದ್ದಳು.

ನಿಜವೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳುವುದರಲ್ಲಿ ಅಂಗಡಿಯವನು ಎತ್ತಿದ ಕೈ. ನಾಣ್ಯ ಕೂಡಿಡುವ ಮಂದಿಯ ಬಾಯಲ್ಲಿ ಯಾವುದೂ ಬರೀ ಚೆನ್ನಾಗಿರುವುದಿಲ್ಲ. ಹೊಳಪು ಮಾಸದ್ದು ಮದುಮಗಳು, ಅದಕ್ಕಿಂತ ಒಂದು ಕೈ ಮೇಲಾದದ್ದು ಬೆಂಕಿ, ಜನ್ಮಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವಂಥದ್ದು ರಾಕ್ಷಸ. ಬೀದಿಯವರು ಅವನನ್ನು ಬಡಾಯಿ ಎಂದೇ ಕರೆಯುತ್ತಿದ್ದರು, ಯಾಕೆಂದರೆ ಅವನ ಅಂಗಡಿಯಲ್ಲಿ ವಾರಕ್ಕೆ ಹತ್ತು ರಾಕ್ಷಸರಾದರೂ ಹುಟ್ಟುತ್ತಿದ್ದರು. ಅವಳ ಐದೂ ನಾಣ್ಯ ಎಲ್ಲಿ ಬೇಕಾದರೂ ಸಿಗುವ ಸರಕು. ಆದರೂ ಎರಡು ಮದುಮಗಳು, ಎರಡು ಬೆಂಕಿ, ಒಂದು ರಾಕ್ಷಸ ಎಂದು ಹಂಚಿಬಿಟ್ಟಿದ್ದ. ಹೊಗಳಿದರೆ ಗಂಟೇನೂ ಹೋಗುವುದಿಲ್ಲ, ಬಂದವರಿಗೆ ನಂಬಿಕೆ ಬರುತ್ತದೆ.

ಆರನೆಯದು ತೆಳ್ಳನೆಯ ಕಾಗದದಲ್ಲಿ ಸುತ್ತಿತ್ತು. ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿದ. ಮೊದಲ ನೋಟಕ್ಕೆ ಬರೀ ಬೂದಿ ಬಣ್ಣ. ಬೆಳಕಿಗೆ ಕೊಂಚ ಓರೆ ಮಾಡಿದ್ದೇ ತಡ, ಅಂಚಿನಿಂದ ನೀಲಿ ಎದ್ದಿತು, ಅದರೊಳಗಿಂದ ನೇರಳೆ, ಅದರೊಳಗಿಂದ ಎಳೆಯ ಚಿನ್ನದ ಬಣ್ಣ. ನೂರೈವತ್ತು ವರ್ಷ ಯಾರೂ ಉಜ್ಜದೆ, ಯಾರ ಬೆರಳೂ ತಾಕದೆ, ಗಾಳಿಯೊಂದೇ ಮುಟ್ಟಿದ ಬೆಳ್ಳಿಗೆ ಬರುವ ಬಣ್ಣ ಅದು. ಅದರ ಮೇಲೆ ಅಚ್ಚಾಗಿದ್ದ ರಾಣಿಯ ಮುಡಿಯ ಎಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂವತ್ತು ವರ್ಷದಿಂದ ಅವನು ಈ ನಾಣ್ಯವನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡುತ್ತ ಬಂದಿದ್ದ.

ಒಳ್ಳೆಯ ನಾಣ್ಯದ ಮೇಲೆ ಮಾತಾಡಬೇಡ, ಉಸಿರೂ ಬಿಡಬೇಡ, ಎಂಜಲಿನ ಒಂದು ಸಣ್ಣ ಹನಿ ಸಿಡಿದರೂ ಆ ಕಲೆ ಹೋಗುವುದಿಲ್ಲ ಎಂದು ಕಸುಬು ಕಲಿಸುವಾಗ ಅಪ್ಪ ಹೇಳಿದ್ದ. ಎಷ್ಟೋ ವರ್ಷದಿಂದ ಆ ಮಾತಿಗೆ ಕೆಲಸವೇ ಬಿದ್ದಿರಲಿಲ್ಲ. ಈಗ ಎಡಗೈ ತಾನಾಗಿ ಮೇಲೆದ್ದು ಬಾಯಿಗೆ ಅಡ್ಡ ಬಂತು. ಇದು ನನ್ನದಾಗಬೇಕು ಎಂಬುದೊಂದು ಬಿಟ್ಟು ಅವನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಒಂದು ಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು, ಆದರೆ ಅದು ಬಂದಷ್ಟೇ ಬೇಗ ಹೋಯಿತು.

"ಇದೇನು ಅಣ್ಣ?" ಎಂದಳು ನರ್ಸ್.

ನಾಣ್ಯವನ್ನು ತಟ್ಟೆಗೆ ಎಸೆಯದೆ, ನಿದ್ದೆಹೋದ ಮಗುವನ್ನು ಮಲಗಿಸುವಂತೆ ಮೇಜಿನ ಬಟ್ಟೆಯ ಮೇಲೆ ಇಳಿಸಿದ. "ಇದಾ? ಮಸಿಬಟ್ಟೆ" ಎಂದ. "ಕಪ್ಪು ತಿರುಗಿ ಸತ್ತುಹೋದದ್ದಕ್ಕೆ ನಾವು ಹಾಗಂತೀವಿ." ಏಳನೆಯದನ್ನು ಸರಿಯಾಗಿ ನೋಡದೆಯೇ ರಾಕ್ಷಸರ ಅಪ್ಪ ಎಂದುಬಿಟ್ಟ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಬೇರೆ ಕಡೆ ಅಲೆಯುವ ತಾಪತ್ರಯ ನಿಮಗೇಕೆ, ಆ ಮಸಿಬಟ್ಟೆಯೂ ಗುಂಪಿನಲ್ಲಿ ಗೋವಿಂದ ಎಂದು ಬರಲಿ ಎಂದು ಒಂದೇ ಸಮನೆ ಒದರಿದ.

ನರ್ಸ್ ಬೂದಿ ಬಣ್ಣದ ನಾಣ್ಯವನ್ನು ಕೈಗೆತ್ತಿಕೊಂಡಳು. "ಬರೀ ಮಸಿ ತಾನೇ" ಎನ್ನುತ್ತ ಚೀಲದಿಂದ ಹತ್ತಿಯ ಉಂಡೆ, ಸ್ಪಿರಿಟ್ಟಿನ ಸಣ್ಣ ಸೀಸೆ ತೆಗೆದು ಹತ್ತಿಯನ್ನು ಒದ್ದೆ ಮಾಡಿದಳು. "ಒಂದ್ಸಲ ಉಜ್ಜಿದ್ರೆ ಇದೂ ಬೆಳ್ಳಗಾಗುತ್ತೆ ಬಿಡಿ."

"ಬೇಡ."

ಅವನು ಎದ್ದ ರಭಸಕ್ಕೆ ಹಿಂದಿನ ಸ್ಟೂಲು ಉರುಳಿತು. ಹತ್ತಿ ನಾಣ್ಯಕ್ಕೆ ಬೆರಳಗಲ ದೂರದಲ್ಲಿ ನಿಂತಿತ್ತು. ಅವಳು ನಾಣ್ಯವನ್ನು ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು.

"ಅಲ್ಲ, ನಿಮ್ಮ ಕೈ ಮಸಿಯಾಗುತ್ತೆ ಅಂತ" ಎಂದ ಅಂಗಡಿಯವನು.

ನರ್ಸ್ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ, ಸೀಸೆಯ ಮುಚ್ಚಳ ತಿರುಗಿಸಿ ಒಳಗಿಟ್ಟಳು. ಆ ನಾಣ್ಯವನ್ನು ಮತ್ತೆ ಅದೇ ಕಾಗದದಲ್ಲಿ, ಮಾವ ಸುತ್ತಿದ್ದ ಮಡಿಕೆಗಳ ಮೇಲೆಯೇ ಸುತ್ತಿ ಡಬ್ಬಿಗೆ ಸೇರಿಸಿದಳು. ಮಿಕ್ಕ ಆರನ್ನು ಅವನ ಕಡೆಗೆ ಸರಿಸಿದಳು. ಮದುಮಗಳು, ಬೆಂಕಿ, ರಾಕ್ಷಸ ಎಲ್ಲವೂ ನಿಮಗಿರಲಿ, ಆಗುವ ಬೆಲೆ ಕೊಡಿ ಎಂದಳು.

ಅವನು ನಗಲು ನೋಡಿದ. "ಇಂಥ ಇಂಥದ್ದನ್ನೆಲ್ಲ ಕೊಟ್ಟು ಆ ಮಸಿಬಟ್ಟೆ ಯಾಕೆ ಒಯ್ತೀರಿ ಸಿಸ್ಟರ್?"

"ಇಪ್ಪತ್ತೆರಡು ವರ್ಷದಿಂದ ವಾರ್ಡಿನಲ್ಲಿ ಉಸಿರು ಎಣಿಸೋದೇ ನನ್ನ ಕೆಲಸ ಅಣ್ಣ" ಎಂದು ಅವಳು ಎದೆಯ ಮೇಲಿನ ಗಡಿಯಾರವನ್ನು ಸರಿಮಾಡಿಕೊಂಡಳು. "ಆ ಆರು ನೋಡುವಾಗ ನಿಮ್ಮದು ಸರಿಯಾಗೇ ನಡೀತಿತ್ತು. ಇದನ್ನ ನೋಡುವಾಗ ಮುಕ್ಕಾಲು ನಿಮಿಷ ನಿಂತುಹೋಗಿತ್ತು."